ಹಳ್ಳಿಗಾಡಿನ ಕೌಂಟಿಯೊಂದರ ಕೋರ್ಟ್ ಕಟ್ಟಡಗಳು ಮತ್ತು ಕಡತಗಳು: ವರ್ಜೀನಿಯಾದ ನಾರ್ಥಾಂಪ್ಟನ್ ನೆಲೆಯಿಂದ ಇತಿಹಾಸ ಹುಡುಕುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಗೂ ಅಟ್ಲಾಂಟಿಕ್ ಸಾಗರಕ್ಕೂ ನಡುವೆ ತೆಂಕಣಕ್ಕೆ ಚಾಚಿಕೊಂಡಿರುವ ಕಿರಿದಾದ ನೆಲವನ್ನು ಈಸ್ಟರ್ನ್ ಶೋರ್ ಎಂದು ಕರೆಯುತ್ತಾರೆ. ಅದರ ದಕ್ಷಿಣ ಭಾಗವೇ ನಾರ್ಥಾಂಪ್ಟನ್ ಕೌಂಟಿ. ದೊಡ್ಡ ಪಟ್ಟಣವಿಲ್ಲದ, ಹೊಲಗದ್ದೆ ಮತ್ತು ಮೀನುಗಾರಿಕೆಯನ್ನೇ ನಂಬಿ ಬಂದ ಈ ಪ್ರದೇಶಕ್ಕೆ ದಕ್ಷಿಣದ ಕಡೆಯಿಂದ ನೇರ ರಸ್ತೆ ಸಂಪರ್ಕ ಸಿಕ್ಕಿದ್ದು 1964ರಲ್ಲಿ, ಕೊಲ್ಲಿಗೆ ಅಡ್ಡಲಾಗಿ ಸೇತುವೆ ಮತ್ತು ಸುರಂಗ ಮಾರ್ಗ ತೆರೆದ ಮೇಲೆ. ಇಂಥ ಮೂಲೆಯ ಕೌಂಟಿಯ ಕೇಂದ್ರವಾದ ಈಸ್ಟ್‌ವಿಲ್ ಎಂಬ ಪುಟ್ಟ ಊರಿನಲ್ಲಿ 1632ರಿಂದ ಎಡೆಬಿಡದೆ ಮುಂದುವರಿದ ನ್ಯಾಯಾಲಯದ ದಾಖಲೆಗಳಿವೆ. ಅಮೆರಿಕದಲ್ಲಿ ಇಷ್ಟು ಹಳೆಯದಾದ, ಇಷ್ಟು ಅಖಂಡವಾದ ಕೌಂಟಿ ಕಡತ ಮತ್ತೊಂದಿಲ್ಲ.

ಕೌಂಟಿ ಎಂದರೆ ಏನೆಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿಗಳ ಕಚೇರಿ ಮತ್ತು ಸಿವಿಲ್ ಕೋರ್ಟು ಬೇರೆ ಬೇರೆ ಇಲಾಖೆಗಳ ಅಡಿಯಲ್ಲಿ ಬರುತ್ತವೆ. ವರ್ಜೀನಿಯಾದ ಕೌಂಟಿಯಲ್ಲಿ ವಸಾಹತು ಕಾಲದಿಂದಲೂ ಈ ಮೂರರ ಕೆಲಸದ ಬಹುಪಾಲು ಒಂದೇ ನ್ಯಾಯಾಲಯದಲ್ಲಿ ನಡೆಯಿತು. ಕ್ರಯಪತ್ರ, ಉಯಿಲು, ಮದುವೆಯ ಪರವಾನಗಿ, ರಸ್ತೆ ದುರಸ್ತಿಯ ಆಜ್ಞೆ, ಸಾಲದ ದಾವೆ ಎಲ್ಲವೂ ಕೋರ್ಟಿನ ಕ್ಲರ್ಕ್ ಬರೆದಿಟ್ಟ ಪುಸ್ತಕಗಳಲ್ಲೇ ಸೇರಿಕೊಂಡವು. ಇಲ್ಲಿ ಕ್ಲರ್ಕ್ ಎಂದರೆ ಗುಮಾಸ್ತನಲ್ಲ. 1851ರ ಸಂವಿಧಾನದ ನಂತರ ಜನರೇ ಚುನಾಯಿಸುವ, ಈಗ ಎಂಟು ವರ್ಷಗಳ ಅವಧಿಗೆ ಅಧಿಕಾರದಲ್ಲಿರುವ ದಾಖಲೆಗಳ ಮುಖ್ಯ ಪಾಲಕ.

ಊರ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಟ್ಟಡದ ಮುಂದಿನ ಫಲಕದಿಂದ ಆರಂಭಿಸಿ ಕಂಬ, ಕಮಾನು, ಇಟ್ಟಿಗೆಯ ವರ್ಣನೆಯಲ್ಲೇ ಮುಗಿಸುತ್ತಾರೆ. ಕಟ್ಟಡದ ಚರಿತ್ರೆಯೇ ಬೇರೆ, ಕಡತದ ಚರಿತ್ರೆಯೇ ಬೇರೆ ಎಂಬುದು ಈ ಮಾರ್ಗದರ್ಶಿಯ ನಿಲುವು. ಕಟ್ಟಡವನ್ನು ಕಡತದೊಳಗಿಂದ ಓದಬೇಕೇ ಹೊರತು ಕಟ್ಟಡವನ್ನು ನೋಡಿ ಕಡತವನ್ನು ಊಹಿಸಬಾರದು.

ಮೊದಲ ಹಂತ: ಕೌಂಟಿಯ ಹುಟ್ಟು ಮತ್ತು ಗಡಿಗಳನ್ನು ಗೊತ್ತುಮಾಡಿಕೊಳ್ಳಿ

ಒಂದು ದಾಖಲೆ ಎಲ್ಲಿರಬೇಕೆಂಬುದು, ಅದು ಬರೆಯಲ್ಪಟ್ಟ ದಿನ ಆ ಜಾಗ ಯಾವ ಕೌಂಟಿಯಲ್ಲಿತ್ತು ಎಂಬುದರ ಮೇಲೆ ನಿಂತಿದೆ. 1634ರಲ್ಲಿ ವರ್ಜೀನಿಯಾ ವಸಾಹತನ್ನು ಎಂಟು ಷೈರ್‌ಗಳಾಗಿ (ಕೌಂಟಿಗಳಿಗೆ ಆಗಿದ್ದ ಹೆಸರು) ವಿಂಗಡಿಸಿದಾಗ ಇಡೀ ಈಸ್ಟರ್ನ್ ಶೋರ್ ಅಕೊಮ್ಯಾಕ್ ಎಂಬ ಹೆಸರಿನ ಒಂದೇ ಷೈರ್ ಆಗಿತ್ತು. 1643ರಲ್ಲಿ ಅದರ ಹೆಸರು ನಾರ್ಥಾಂಪ್ಟನ್ ಎಂದು ಬದಲಾಯಿತು. 1663ರಲ್ಲಿ ಉತ್ತರ ಭಾಗವನ್ನು ಬೇರ್ಪಡಿಸಿ ಅದಕ್ಕೆ ಹಳೆಯ ಅಕೊಮ್ಯಾಕ್ ಹೆಸರನ್ನೇ ಕೊಟ್ಟರು. 1670ರಲ್ಲಿ ಆ ಹೊಸ ಕೌಂಟಿಯನ್ನು ರದ್ದುಮಾಡಿ, 1673ರಲ್ಲಿ ಮತ್ತೆ ಸ್ಥಾಪಿಸಿದರು. ಹೀಗಾಗಿ ಇಂದಿನ ಅಕೊಮ್ಯಾಕ್ ಕೌಂಟಿಯಲ್ಲಿರುವ ಜಮೀನಿನ 1650ರ ದಾಖಲೆ ಬೇಕಾದರೆ ನಾರ್ಥಾಂಪ್ಟನ್ನಿನ ಪುಸ್ತಕ ತೆರೆಯಬೇಕು. ನೀವು ಯಾವುದೇ ಕೌಂಟಿಯನ್ನು ಎತ್ತಿಕೊಳ್ಳಿ, ಇಂಥ ಇಸವಿಗಳ ಪಟ್ಟಿಯೊಂದನ್ನು ಒಂದು ಹಾಳೆಯಲ್ಲಿ ಬರೆದು ಮುಂದೆ ಇಟ್ಟುಕೊಳ್ಳದೆ ಕೆಲಸಕ್ಕೆ ಕೈಹಾಕಬೇಡಿ.

ಭೂಪಟ ನೋಡುವಾಗ ಇನ್ನೊಂದು ಸಂಗತಿ ನೆನಪಿರಲಿ. ವರ್ಜೀನಿಯಾದಲ್ಲಿ ಕೌಂಟಿಯ ಕೋರ್ಟು ಇರುವ ಹಳ್ಳಿಯನ್ನೇ ಕೌಂಟಿಯ ಹೆಸರಿನ ಜತೆಗೆ ‘ಕೋರ್ಟ್ ಹೌಸ್’ ಸೇರಿಸಿ ಕರೆಯುವ ರೂಢಿಯಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಸೇನಾನಿಯಾಗಿದ್ದ ಜನರಲ್ ಲೀ 1865ರ ಏಪ್ರಿಲ್ 9ರಂದು ಶರಣಾದದ್ದು ‘ಅಪೊಮ್ಯಾಟಾಕ್ಸ್ ಕೋರ್ಟ್ ಹೌಸ್’ನಲ್ಲಿ ಎಂದು ಓದಿದವರು ನ್ಯಾಯಾಲಯದ ಒಳಗೇ ಅದು ನಡೆಯಿತೆಂದು ಭಾವಿಸುತ್ತಾರೆ. ಅದು ಊರಿನ ಹೆಸರು. ಅಂದು ಭಾನುವಾರವಾದ್ದರಿಂದ ಕೋರ್ಟು ಮುಚ್ಚಿತ್ತು, ಶರಣಾಗತಿ ನಡೆದದ್ದು ಒಂದು ಖಾಸಗಿ ಮನೆಯಲ್ಲಿ.

ಎರಡನೆಯ ಹಂತ: ಏನು ಉಳಿದಿದೆ, ಏನು ಸುಟ್ಟಿದೆ ಎಂದು ವಿಚಾರಿಸಿ

ವರ್ಜೀನಿಯಾದ ಸಂಶೋಧಕರ ಬಾಯಲ್ಲಿ ‘ಸುಟ್ಟ ಕೌಂಟಿ’ ಎಂಬ ಮಾತು ಸದಾ ಇರುತ್ತದೆ. ತಾಮಸ್ ಜೆಫರ್ಸನ್ ನಕ್ಷೆ ಕೊಟ್ಟಿದ್ದ ಬಕಿಂಗ್‌ಹ್ಯಾಮ್ ಕೌಂಟಿಯ ಕೋರ್ಟು 1869ರಲ್ಲಿ ಕಡತಗಳ ಸಮೇತ ಸುಟ್ಟುಹೋಯಿತು. ಅಪೊಮ್ಯಾಟಾಕ್ಸ್‌ನ ಕೋರ್ಟು 1892ರಲ್ಲಿ ಬೆಂಕಿಗೆ ಆಹುತಿಯಾಯಿತು. ಬಳಿಕ ಕೌಂಟಿಯ ಕೇಂದ್ರವೇ ರೈಲು ನಿಲ್ದಾಣದ ಹತ್ತಿರದ ಊರಿಗೆ ಸ್ಥಳಾಂತರವಾಯಿತು. ಕಿಂಗ್ ವಿಲಿಯಂ ಕೌಂಟಿಯದು ಇನ್ನೂ ವಿಚಿತ್ರ. ಅಲ್ಲಿ ಸುಮಾರು 1725ರಲ್ಲಿ ಕಟ್ಟಿದ ಇಟ್ಟಿಗೆಯ ಕೋರ್ಟು ಇಂದಿಗೂ ನಿಂತಿದೆ, ಆದರೆ ಪಕ್ಕದಲ್ಲಿದ್ದ ಕ್ಲರ್ಕ್ ಕಚೇರಿ 1885ರಲ್ಲಿ ಸುಟ್ಟು ಹಳೆಯ ದಾಖಲೆಗಳ ಬಹುಭಾಗ ನಾಶವಾಯಿತು. ಕಟ್ಟಡ ಉಳಿದ ಮಾತ್ರಕ್ಕೆ ಕಡತ ಉಳಿದಿರಬೇಕೆಂದೇನೂ ಇಲ್ಲ ಎನ್ನುವುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಕೊರಗುವಂಥದ್ದು ಅಂತರ್ಯುದ್ಧದ ಕಾಲದ ನಷ್ಟ. ಶತ್ರುಸೇನೆಯ ಕೈಗೆ ಸಿಕ್ಕಬಾರದೆಂದು ಕೆಲವು ಕೌಂಟಿಗಳು ತಮ್ಮ ದಾಖಲೆಗಳನ್ನು ಜೋಪಾನಕ್ಕಾಗಿ ರಾಜಧಾನಿ ರಿಚ್ಮಂಡ್‌ಗೆ ಕಳುಹಿಸಿದವು. 1865ರ ಏಪ್ರಿಲ್ ಮೊದಲ ವಾರದಲ್ಲಿ ದಕ್ಷಿಣದ ಸೇನೆ ನಗರವನ್ನು ಬಿಟ್ಟುಹೋಗುವಾಗ ಹಚ್ಚಿದ ಬೆಂಕಿ ಹಬ್ಬಿ, ಜೇಮ್ಸ್ ಸಿಟಿ, ಹ್ಯಾನೋವರ್ ಮುಂತಾದ ಕೌಂಟಿಗಳ ದಾಖಲೆಗಳೂ ವಸಾಹತು ಕಾಲದ ಉಚ್ಚ ನ್ಯಾಯಾಲಯದ ದಾಖಲೆಗಳೂ ಬೂದಿಯಾದವು. ಭದ್ರತೆಗೆಂದು ಸಾಗಿಸಿದ್ದೇ ಹೋಯಿತು, ಊರಲ್ಲೇ ಬಿಟ್ಟದ್ದು ಎಷ್ಟೋ ಕಡೆ ಉಳಿಯಿತು.

ಆದ್ದರಿಂದ ಹೊರಡುವ ಮೊದಲು ರಿಚ್ಮಂಡ್‌ನಲ್ಲಿರುವ ರಾಜ್ಯ ಗ್ರಂಥಾಲಯದ ಜಾಲತಾಣದಲ್ಲಿ ಎರಡು ಪಟ್ಟಿಗಳನ್ನು ನೋಡಿ: ಆ ಕೌಂಟಿಯ ಯಾವ ಯಾವ ಪುಸ್ತಕಗಳ ಮೈಕ್ರೋಫಿಲ್ಮ್ ಇದೆ ಎಂಬುದು ಒಂದು, ದಾಖಲೆ ಕಳೆದುಕೊಂಡ ಕೌಂಟಿಗಳ ಪಟ್ಟಿ ಇನ್ನೊಂದು. ನಿಮ್ಮದು ಸುಟ್ಟ ಕೌಂಟಿಯಾಗಿದ್ದರೆ ಕೈಚೆಲ್ಲಬೇಕಿಲ್ಲ. ಭೂಮಂಜೂರಾತಿಯ ಮೂಲ ಪುಸ್ತಕಗಳು ರಾಜ್ಯಮಟ್ಟದಲ್ಲಿವೆ, 1782ರಿಂದ ತೆರಿಗೆ ಪಟ್ಟಿಗಳ ಪ್ರತಿಯೊಂದು ರಾಜಧಾನಿಗೆ ಹೋಗುತ್ತಿತ್ತು, ನೆರೆಯ ಕೌಂಟಿಯ ದಾವೆಗಳಲ್ಲಿ ಸಾಕ್ಷ್ಯವಾಗಿ ಲಗತ್ತಿಸಿದ ನಕಲುಗಳು ಉಳಿದಿರುತ್ತವೆ. ನಾರ್ಥಾಂಪ್ಟನ್ನಿನಲ್ಲಿ ಹುಡುಕುವವರಿಗೆ ಈ ಬಳಸುದಾರಿ ಬೇಕಾಗುವುದಿಲ್ಲ, ಅದು ಅವರ ಭಾಗ್ಯ.

ಮೂರನೆಯ ಹಂತ: ಯಾವ ಕಾಲಕ್ಕೆ ಯಾವ ನ್ಯಾಯಾಲಯ

ವಸಾಹತು ಕಾಲದ ಕೌಂಟಿ ಕೋರ್ಟಿನಲ್ಲಿ ಕುಳಿತವರು ಕಾನೂನು ಓದಿದ ನ್ಯಾಯಾಧೀಶರಲ್ಲ. ಅದೇ ಊರಿನ ದೊಡ್ಡ ಜಮೀನುದಾರರೇ ಜಸ್ಟಿಸ್‌ಗಳಾಗಿ ನೇಮಕಗೊಂಡು ತಿಂಗಳಿಗೊಮ್ಮೆ ಸೇರುತ್ತಿದ್ದರು. ಜಸ್ಟಿಸ್‌ಗಳ ಈ ಕೋರ್ಟು ಅಂತರ್ಯುದ್ಧದ ನಂತರದ ಹೊಸ ಸಂವಿಧಾನದವರೆಗೂ ನಡೆದು, 1870ರಿಂದ ಅವರ ಜಾಗಕ್ಕೆ ಒಬ್ಬ ನ್ಯಾಯಾಧೀಶ ಬಂದ. 1904ರಲ್ಲಿ ಕೌಂಟಿ ಕೋರ್ಟುಗಳೇ ರದ್ದಾಗಿ ಸರ್ಕಿಟ್ ಕೋರ್ಟು ಮಾತ್ರ ಉಳಿಯಿತು. ಆದರೆ 1809ರಿಂದ 1904ರವರೆಗೆ ಒಂದೇ ಕಟ್ಟಡದಲ್ಲಿ ಕೌಂಟಿ ಕೋರ್ಟು ಮತ್ತು ಮೇಲ್ದರ್ಜೆಯ ಸರ್ಕಿಟ್ ಕೋರ್ಟು ಎರಡೂ ಬೇರೆ ಬೇರೆ ದಿನ ಕುಳಿತು, ಬೇರೆ ಬೇರೆ ಪುಸ್ತಕಗಳನ್ನು ಇಟ್ಟವು. ಈ ಅವಧಿಯ ಒಂದು ವ್ಯಾಜ್ಯ ಕೌಂಟಿಯ ಪುಸ್ತಕದಲ್ಲಿ ಸಿಗದಿದ್ದರೆ ಅದು ನಡೆಯಲೇ ಇಲ್ಲವೆಂದು ತೀರ್ಮಾನಿಸುವ ಮೊದಲು ಸರ್ಕಿಟ್ ಕೋರ್ಟಿನ ಸಾಲನ್ನೂ ನೋಡಬೇಕು.

ನಾಲ್ಕನೆಯ ಹಂತ: ಕಟ್ಟಡವನ್ನು ಆದೇಶ ಪುಸ್ತಕದಲ್ಲಿ ಓದಿ

ಆದೇಶ ಪುಸ್ತಕ ಎಂದರೆ ಕೋರ್ಟು ಸೇರಿದ ದಿನ ಹಾಜರಿದ್ದ ಜಸ್ಟಿಸ್‌ಗಳ ಹೆಸರಿನಿಂದ ಹಿಡಿದು ಅಂದಿನ ನಡಾವಳಿಯನ್ನೆಲ್ಲ ಕ್ರಮವಾಗಿ ಬರೆದ ಪುಸ್ತಕ. ಬಹುತೇಕರು ಕ್ರಯಪತ್ರಗಳಿಂದ ಆರಂಭಿಸುತ್ತಾರೆ, ಏಕೆಂದರೆ ಅವುಗಳಿಗೆ ಅಕಾರಾದಿ ಸೂಚಿ ಇದೆ. ನನ್ನ ಸಲಹೆ ಇದಕ್ಕೆ ವಿರುದ್ಧ. ಕಷ್ಟವಾದರೂ ಆದೇಶ ಪುಸ್ತಕದಿಂದಲೇ ಆರಂಭಿಸಿ. ಊರಿನ ಬದುಕು ಅಲ್ಲಿದೆ, ಕಟ್ಟಡದ ಬದುಕೂ ಅಲ್ಲಿಯೇ ಇದೆ.

ಕಟ್ಟಡದ ಕುರಿತು ಹುಡುಕುವಾಗ ಮೊದಲು ವರ್ಷಕ್ಕೊಮ್ಮೆ ನಡೆಯುವ ಕೌಂಟಿ ತೆರಿಗೆಯ ನಿಗದಿಯ ಪುಟಗಳಿಗೆ ಹೋಗಿ. ಆ ಕಾಲದಲ್ಲಿ ತೆರಿಗೆಯನ್ನು ಹೊಗೆಸೊಪ್ಪಿನ ತೂಕದಲ್ಲಿ, ತೆರಿಗೆಗೆ ಒಳಪಟ್ಟ ಪ್ರತಿ ತಲೆಗೆ ಇಷ್ಟು ಪೌಂಡ್ ಎಂದು ವಿಧಿಸುತ್ತಿದ್ದರು. ಆ ಲೆಕ್ಕದ ಖರ್ಚಿನ ಕಡೆಯಲ್ಲಿ ಕೋರ್ಟು ಕಟ್ಟಿದ ಗುತ್ತಿಗೆದಾರನಿಗೆ, ಸೆರೆಮನೆಯ ಬಾಗಿಲು ಸರಿಪಡಿಸಿದವನಿಗೆ, ಕ್ಲರ್ಕ್‌ಗೆ ಕೊಟ್ಟ ಹೊಗೆಸೊಪ್ಪಿನ ಮೊತ್ತ ಸಿಗುತ್ತದೆ. ಒಂದು ವರ್ಷದ ಲೆಕ್ಕದಲ್ಲಿ ದೊಡ್ಡ ಮೊತ್ತ ಕಂಡರೆ ಅಲ್ಲಿಂದ ಹಿಂದಕ್ಕೆ ಪುಟ ತಿರುವಿ. ಕಟ್ಟಡ ಬೇಕೆಂಬ ನಿರ್ಣಯ, ಅಳತೆಗಳ ವಿವರ, ಗುತ್ತಿಗೆ ಕೊಟ್ಟ ದಿನ ದೊರೆಯುತ್ತವೆ. ಮುಂದಕ್ಕೆ ತಿರುವಿದರೆ ಕೆಲಸ ಒಪ್ಪಂದದಂತೆ ಆಗಿದೆಯೇ ಎಂದು ನೋಡಿ ವರದಿ ಮಾಡಲು ನೇಮಿಸಿದವರ ಹೆಸರುಗಳು ಬರುತ್ತವೆ. ದುರಸ್ತಿಯ ಆದೇಶಗಳನ್ನು ಉಪೇಕ್ಷಿಸಬೇಡಿ. ಕಟ್ಟಿದ ವರ್ಷವನ್ನು ಫಲಕವೂ ಹೇಳುತ್ತದೆ, ಸೋರಿದ ವರ್ಷವನ್ನು ಪುಸ್ತಕವೊಂದೇ ಹೇಳುತ್ತದೆ.

ನಾರ್ಥಾಂಪ್ಟನ್ನಿನ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಾರ್ಹ. ಮೊದಲ ದಶಕಗಳಲ್ಲಿ ಅಲ್ಲಿ ಕೋರ್ಟಿಗೆಂದು ಕಟ್ಟಡವೇ ಇರಲಿಲ್ಲ. ಕೋರ್ಟು ಜನರ ಮನೆಗಳಲ್ಲಿ ಸೇರುತ್ತಿತ್ತು, ಪುಸ್ತಕ ಕ್ಲರ್ಕ್‌ನ ವಶದಲ್ಲಿರುತ್ತಿತ್ತು. ಕಡತ ಕಟ್ಟಡಕ್ಕಿಂತ ಹಿರಿಯದು. 17ನೇ ಶತಮಾನದ ಕೊನೆಯ ಭಾಗದಲ್ಲಿ ಕೋರ್ಟು ಈಗಿನ ಈಸ್ಟ್‌ವಿಲ್ ಪ್ರದೇಶದಲ್ಲಿ ನೆಲೆಯೂರಿತು. 1730ರ ದಶಕದ ಆರಂಭದ ಇಟ್ಟಿಗೆಯ ಕೋರ್ಟು, ಅದರ ಬಳಿಯ ಕ್ಲರ್ಕ್ ಕಚೇರಿ, ಸಾಲಗಾರರ ಸೆರೆಮನೆ ಈಗಲೂ ಊರಿನ ನಡುವಿನ ಹಸಿರು ಚೌಕದ ಸುತ್ತ ನೋಡಸಿಗುತ್ತವೆ. 19ನೇ ಶತಮಾನದ ಕೊನೆಗೆ ಹೊಸ ಕೋರ್ಟು ಬಂದ ಮೇಲೆ ಹಳೆಯದನ್ನು ಕೆಡವದೆ ಪಕ್ಕಕ್ಕೆ ಸರಿಸಿ ಉಳಿಸಿಕೊಂಡರು. ಹಾಗಾಗಿ ಅದರ ಈಗಿನ ಸ್ಥಾನವನ್ನೇ ಮೂಲ ಸ್ಥಾನವೆಂದು ನಕ್ಷೆಯಲ್ಲಿ ಗುರುತು ಹಾಕಬಾರದು.

ಆದೇಶ ಪುಸ್ತಕದ ಒಂದು ಪುಟ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ 1766ರ ಫೆಬ್ರವರಿ 11ರ ನಡಾವಳಿಯನ್ನು ನೋಡಬಹುದು. ಬ್ರಿಟಿಷ್ ಸಂಸತ್ತಿನ ಸ್ಟಾಂಪ್ ಕಾಯಿದೆ ಹಿಂದಿನ ನವೆಂಬರ್‌ನಿಂದ ಜಾರಿಯಲ್ಲಿತ್ತು. ಅದರಂತೆ ಕೋರ್ಟಿನ ಕಾಗದಗಳೆಲ್ಲ ಮುದ್ರೆ ಒತ್ತಿದ ಛಾಪಾ ಕಾಗದದಲ್ಲೇ ಇರಬೇಕಿತ್ತು. ಅದಿಲ್ಲದೆ ಕೆಲಸ ನಡೆಸಿದರೆ ತಮಗೆ ದಂಡ ಬೀಳುವುದೇ ಎಂದು ಕ್ಲರ್ಕ್ ಮತ್ತಿತರ ಅಧಿಕಾರಿಗಳು ಕೋರ್ಟನ್ನು ಕೇಳಿಕೊಂಡರು. ಆ ಕಾಯಿದೆ ಸಂವಿಧಾನಬಾಹಿರವಾದ್ದರಿಂದ ವರ್ಜೀನಿಯಾದ ನಿವಾಸಿಗಳನ್ನು ಅದು ಬಂಧಿಸುವುದಿಲ್ಲ, ದಂಡದ ಭಯವಿಲ್ಲದೆ ಕೆಲಸ ಮುಂದುವರಿಸಬಹುದು ಎಂದು ಜಸ್ಟಿಸ್‌ಗಳು ಒಮ್ಮತದಿಂದ ಹೇಳಿದರು. ಸಂಸತ್ತು ಆ ಕಾಯಿದೆಯನ್ನು ಹಿಂದಕ್ಕೆ ಪಡೆದದ್ದು ಇದಾದ ಮುಂದಿನ ತಿಂಗಳು. ದೊಡ್ಡ ರಾಜಕೀಯ ಘೋಷಣೆಯಾಗಿ ಓದಿಸಿಕೊಳ್ಳುವ ಈ ಮಾತು ಹುಟ್ಟಿದ್ದು ಕಚೇರಿಯ ದೈನಂದಿನ ತೊಡಕೊಂದರಿಂದ.

ಐದನೆಯ ಹಂತ: ದಿನಾಂಕ ಮತ್ತು ಕೈಬರಹದ ಬಲೆಗಳನ್ನು ತಿಳಿಯಿರಿ

1752ರವರೆಗೆ ಇಂಗ್ಲಿಷ್ ಆಡಳಿತದಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ರಂದು. ಹೀಗಾಗಿ ಪುಸ್ತಕದಲ್ಲಿ ‘1654, ಮಾರ್ಚ್ 8’ ಎಂದಿದ್ದರೆ ನಮ್ಮ ಎಣಿಕೆಯಲ್ಲಿ ಅದು 1655. ಜನವರಿ 1ರಿಂದ ಮಾರ್ಚ್ 24ರವರೆಗಿನ ಪ್ರತಿಯೊಂದು ದಿನಾಂಕಕ್ಕೂ ‘1654/55’ ಎಂದು ಎರಡೂ ಇಸವಿಗಳನ್ನು ಓರೆಗೆರೆಯೊಂದಿಗೆ ಬರೆದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ಈ ಎಚ್ಚರವಿಲ್ಲದ ವಂಶಾವಳಿಗಳಲ್ಲಿ ಅಪ್ಪ ಸತ್ತ ಮೇಲೆ ಉಯಿಲು ಬರೆದಂತೆಯೂ ಮದುವೆಗೆ ಮೊದಲೇ ಮಕ್ಕಳು ಹುಟ್ಟಿದಂತೆಯೂ ಕಾಣುವುದುಂಟು.

17ನೇ ಶತಮಾನದ ಲಿಪಿ ಇಂದಿನ ಇಂಗ್ಲಿಷ್ ಬರಹದಂತಿಲ್ಲ. ಉದ್ದನೆಯ ‘ಎಸ್’ ಅಕ್ಷರ ‘ಎಫ್’ನಂತೆ ಕಾಣುತ್ತದೆ, ಹೆಸರಿನ ಮೊದಲ ದೊಡ್ಡ ‘ಎಫ್’ ಅನ್ನು ಎರಡು ಚಿಕ್ಕ ‘ಎಫ್’ಗಳಾಗಿ ಬರೆಯುತ್ತಿದ್ದರು, ಪದಗಳನ್ನು ಮೊಟಕುಗೊಳಿಸಿ ಮೇಲೊಂದು ಗೆರೆ ಎಳೆಯುತ್ತಿದ್ದರು. ಹೆಸರಿನ ಕಾಗುಣಿತ ಒಂದೇ ಪುಟದಲ್ಲಿ ಮೂರು ಬಗೆಯಾಗಿರುತ್ತದೆ. ನಾರ್ಥಾಂಪ್ಟನ್ನಿನ ಮೊದಲ ಸಂಪುಟಗಳ ಪಾಠ ಮುದ್ರಿತವಾಗಿ ಬಂದಿದೆ. ಮುದ್ರಿತ ಪಾಠವನ್ನು ಒಂದು ಕಡೆ, ಮೂಲದ ಚಿತ್ರವನ್ನು ಇನ್ನೊಂದು ಕಡೆ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ಓದಿದರೆ ಕಣ್ಣು ಬೇಗ ಪಳಗುತ್ತದೆ.

ಆರನೆಯ ಹಂತ: ಜಮೀನಿನ ಸರಪಳಿ

ಕ್ರಯಪತ್ರದ ಪುಸ್ತಕಗಳಿಗೆ ಎರಡು ಸೂಚಿಗಳಿರುತ್ತವೆ, ಕೊಟ್ಟವರ ಹೆಸರಿನದು ಒಂದು, ಪಡೆದವರ ಹೆಸರಿನದು ಇನ್ನೊಂದು. ನಮ್ಮ ನೋಂದಣಿ ಕಚೇರಿಗಳಲ್ಲಿ ಹೆಸರಿನ ಸೂಚಿಯ ಜತೆಗೆ ಆಸ್ತಿಯ ಸೂಚಿಯೂ ಇರುತ್ತದೆ, ಸರ್ವೆ ನಂಬರಿನಿಂದ ಹುಡುಕಬಹುದು. ಹಳೆಯ ವರ್ಜೀನಿಯಾದಲ್ಲಿ ಸರ್ವೆ ನಂಬರೇ ಇಲ್ಲ. ಹೊಲವನ್ನು ಗುರುತಿಸುವುದು ಚಕ್ಕುಬಂದಿಯಿಂದ: ಇಂಥ ತೊರೆಯ ದಂಡೆಯ ಓಕ್ ಮರದಿಂದ ಹೊರಟು ಇಂಥ ದಿಕ್ಕಿಗೆ ಇಷ್ಟು ‘ಪೋಲ್’, ಅಲ್ಲಿಂದ ಇಂಥವನ ಗಡಿಯ ಗುಂಟ ಇಷ್ಟು ‘ಪೋಲ್’ ಎಂದು. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ಗುಂಟೆಯ ಲೆಕ್ಕ ಬಲ್ಲವರಿಗೆ ಇದು ತೊಡಕಲ್ಲ: 33 ಅಡಿ ಚೌಕದ ಒಂದು ಗುಂಟೆಯಲ್ಲಿ ನಾಲ್ಕು ಚದರ ಪೋಲ್, ಎಕರೆಗೆ ನಲವತ್ತು ಗುಂಟೆ ಅಥವಾ ನೂರ ಅರವತ್ತು ಚದರ ಪೋಲ್. ಎರಡರ ಮೂಲವೂ 66 ಅಡಿಯ ಅದೇ ಇಂಗ್ಲಿಷ್ ಸರಪಳಿ.

ಈಗಿನ ಮಾಲೀಕನಿಂದ ಹಿಂದಕ್ಕೆ, ಪಡೆದವನಿಂದ ಕೊಟ್ಟವನಿಗೆ ಒಂದೊಂದೇ ಕೊಂಡಿ ಹಿಡಿದು ಹೋಗಿ. ಎಲ್ಲಾದರೂ ಕೊಂಡಿ ಕಳಚಿದರೆ ಜಮೀನು ಕ್ರಯದಿಂದ ಬಂದಿಲ್ಲ, ಪಿತ್ರಾರ್ಜಿತವಾಗಿ ಬಂದಿದೆ ಎಂದರ್ಥ. ಆಗ ಉಯಿಲಿನ ಪುಸ್ತಕಕ್ಕೆ ಹೋಗಬೇಕು. ಉಯಿಲೂ ಇಲ್ಲದಿದ್ದರೆ ಪಾಲುಪಟ್ಟಿಯ ದಾವೆಗಳಿಗೆ ಹೋಗಬೇಕು. ಚಾನ್ಸರಿ ಎಂಬ ವಿಭಾಗದ ಈ ದಾವೆಗಳ ಬಿಡಿ ಕಾಗದಗಳಲ್ಲಿ ಅಣ್ಣತಮ್ಮಂದಿರ, ಮೊಮ್ಮಕ್ಕಳ ಹೆಸರುಗಳೆಲ್ಲ ಒಟ್ಟಿಗೆ ಸಿಗುತ್ತವೆ. ಜಗಳವಾಡಿದ ಕುಟುಂಬದ ಇತಿಹಾಸ ಹೊಂದಿಕೊಂಡು ಬಾಳಿದ ಕುಟುಂಬದ ಇತಿಹಾಸಕ್ಕಿಂತ ಸುಲಭವಾಗಿ ದೊರೆಯುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಸರಪಳಿಯ ನಡುವೆ 1782ರಿಂದ ಆರಂಭವಾಗುವ ಭೂಕಂದಾಯದ ಪಟ್ಟಿಗಳು ಬಹಳ ನೆರವಾಗುತ್ತವೆ. 1814ರಿಂದ ಈ ಪಟ್ಟಿಗಳಲ್ಲಿ ಪ್ರತಿ ಜಮೀನೂ ಕೋರ್ಟಿನಿಂದ ಯಾವ ದಿಕ್ಕಿಗೆ ಎಷ್ಟು ಮೈಲಿ ದೂರವಿದೆ ಎಂಬುದನ್ನು ಬರೆಯತೊಡಗಿದರು. 1820ರಿಂದ ಕಟ್ಟಡಗಳ ಬೆಲೆಯ ಅಂಕಣವೂ ಸೇರಿತು. ಒಂದು ವರ್ಷ ಆ ಅಂಕಣದ ಮೊತ್ತ ದಿಢೀರನೆ ಏರಿದ್ದರೆ ಆ ಜಮೀನಿನಲ್ಲಿ ಹೊಸ ಮನೆ ಎದ್ದಿದೆ ಎಂದು ಊಹಿಸಬಹುದು.

ಜನನ ಮರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ನೋಂದಣಿ 1853ರಲ್ಲಿ ಆರಂಭವಾಗಿ 1896ರಲ್ಲಿ ನಿಂತು, 1912ರಲ್ಲಿ ಮತ್ತೆ ಶುರುವಾಯಿತು. ನಡುವಿನ ಹದಿನಾರು ವರ್ಷಗಳಿಗೆ ಚರ್ಚಿನ ದಾಖಲೆ, ಸಮಾಧಿಯ ಕಲ್ಲುಗಳೇ ಗತಿ.

ಏಳನೆಯ ಹಂತ: ಒಬ್ಬ ವ್ಯಕ್ತಿಯನ್ನು ಎಲ್ಲ ಪುಸ್ತಕಗಳಲ್ಲೂ ಹಿಂಬಾಲಿಸಿ

ಪುಸ್ತಕಗಳ ಬಗೆ ತಿಳಿದ ಮೇಲೆ ಒಂದು ಹೆಸರನ್ನು ಹಿಡಿದು ಎಲ್ಲದರಲ್ಲೂ ಸಾಗುವುದೇ ನಿಜವಾದ ತರಬೇತಿ. ನಾರ್ಥಾಂಪ್ಟನ್ನಿನಲ್ಲಿ ಇದಕ್ಕೆ ಆಂಥನಿ ಜಾನ್ಸನ್‌ಗಿಂತ ಒಳ್ಳೆಯ ಹೆಸರಿಲ್ಲ. 1621ರಲ್ಲಿ ಆಫ್ರಿಕನ್ ಆಳಾಗಿ ವರ್ಜೀನಿಯಾಕ್ಕೆ ಬಂದಿಳಿದ ಈತ ಮುಂದೆ ಸ್ವತಂತ್ರನಾಗಿ, 1651ರಲ್ಲಿ 250 ಎಕರೆಯ ಹಕ್ಕುಪತ್ರ ಪಡೆದ. ತಲೆಯೊಂದಕ್ಕೆ 50 ಎಕರೆಯಂತೆ ಐದು ಜನರನ್ನು ಕರೆತಂದ ಲೆಕ್ಕಕ್ಕೆ ಸಿಕ್ಕ ಭೂಮಿ ಅದು; ಈ ದಾಖಲೆ ಕೌಂಟಿಯಲ್ಲಲ್ಲ, ರಾಜ್ಯದ ಭೂಮಂಜೂರಾತಿ ಪುಸ್ತಕದಲ್ಲಿದೆ. ಸ್ವಲ್ಪ ಕಾಲದಲ್ಲೇ ಬೆಂಕಿ ಬಿದ್ದು ಅವನಿಗೆ ಭಾರಿ ನಷ್ಟವಾದಾಗ ಕೌಂಟಿ ಕೋರ್ಟು ಅವನ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 1643ರ ಕಾನೂನಿನಂತೆ ಆಫ್ರಿಕನ್ ಹೆಂಗಸರ ತಲೆಯ ಮೇಲೂ ತೆರಿಗೆ ಇದ್ದದ್ದರಿಂದಲೇ ಈ ವಿನಾಯಿತಿ ಬೇಕಾಯಿತು. ಕಾನೂನು ಗೊತ್ತಿಲ್ಲದೆ ಆದೇಶವನ್ನಷ್ಟೇ ಓದಿದವರಿಗೆ ಅದರ ತೂಕ ತಿಳಿಯದು.

ಮುಂದಿನದು ಆ ಪುಸ್ತಕಗಳಲ್ಲೇ ಹೆಚ್ಚು ಚರ್ಚೆಗೆ ಒಳಗಾದ ಪುಟ. ಜಾನ್ಸನ್ ಬಳಿ ಇದ್ದ ಜಾನ್ ಕೇಸರ್ ಎಂಬ ಆಫ್ರಿಕನ್, ತಾನು ಏಳೆಂಟು ವರ್ಷಗಳ ಕರಾರಿನ ಆಳು ಮಾತ್ರ, ಅವಧಿ ಮುಗಿದು ಏಳು ವರ್ಷವಾದರೂ ತನ್ನನ್ನು ಬಿಟ್ಟಿಲ್ಲ ಎಂದು ದೂರಿ ರಾಬರ್ಟ್ ಪಾರ್ಕರ್ ಎಂಬ ನೆರೆಯವನ ಬಳಿ ಹೋದ. ಜಾನ್ಸನ್ ದಾವೆ ಹೂಡಿದ. ಪುಸ್ತಕದ ಲೆಕ್ಕದಲ್ಲಿ 1654, ನಮ್ಮ ಲೆಕ್ಕದಲ್ಲಿ 1655ರ ಮಾರ್ಚ್ 8ರಂದು ಕೋರ್ಟು ಕೇಸರ್ ಕೂಡಲೇ ತನ್ನ ಯಜಮಾನನ ಸೇವೆಗೆ ಮರಳಬೇಕೆಂದೂ ಖರ್ಚನ್ನೆಲ್ಲ ಪಾರ್ಕರ್ ಭರಿಸಬೇಕೆಂದೂ ತೀರ್ಪಿತ್ತಿತು. ಯಾವ ಅಪರಾಧವನ್ನೂ ಮಾಡದ ಮನುಷ್ಯನನ್ನು ಸಿವಿಲ್ ದಾವೆಯೊಂದರಲ್ಲಿ ಜೀವನಪರ್ಯಂತ ಆಳಾಗಿ ಕಟ್ಟಿಹಾಕಿದ ಈ ಆದೇಶ ಕೆಲವೇ ಸಾಲುಗಳದ್ದು. ಕಪ್ಪು ಜನರ ಒಬ್ಬ ಜಮೀನುದಾರ ಬಿಳಿಯನ ವಿರುದ್ಧ ಗೆದ್ದದ್ದೂ ಅದೇ ಸಾಲುಗಳಲ್ಲಿದೆ.

ಕೌಂಟಿಯ ಎಲ್ಲೆ ದಾಟದಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತದೆ. 1665ರ ಸುಮಾರಿಗೆ ಜಾನ್ಸನ್ ಕುಟುಂಬ ಉತ್ತರಕ್ಕೆ, ಮೇರಿಲ್ಯಾಂಡ್‌ನ ಈಗಿನ ಸಾಮರ್‌ಸೆಟ್ ಕೌಂಟಿಯ ಪ್ರದೇಶಕ್ಕೆ ಹೋಯಿತು. ಆ ಕೌಂಟಿ ಸ್ಥಾಪನೆಯಾದದ್ದು 1666ರಲ್ಲಿ. ಆಂಥನಿ ತೀರಿಕೊಂಡ ಬಳಿಕ, 1670ರಲ್ಲಿ, ಅವನು ಮಗನಿಗೆ ವರ್ಜೀನಿಯಾದಲ್ಲಿ ಬಿಟ್ಟುಹೋಗಿದ್ದ 50 ಎಕರೆಯ ಕುರಿತು ಅಲ್ಲಿನ ಜ್ಯೂರಿಯೊಂದು, ಅವನು ನೀಗ್ರೋ ಆಗಿದ್ದರಿಂದ ಪರದೇಶಿಯೆಂದೂ ಆದ್ದರಿಂದ ಭೂಮಿ ರಾಜಸತ್ತೆಗೆ ಸೇರಬೇಕೆಂದೂ ಹೇಳಿತು. ಸುಮಾರು ಇಪ್ಪತ್ತು ವರ್ಷಗಳ ಅಂತರದ ಈ ಎರಡು ಕಾಗದಗಳನ್ನು, ಹಕ್ಕುಪತ್ರವನ್ನೂ ಈ ನಿರ್ಣಯವನ್ನೂ, ಎದುರುಬದುರು ಇಟ್ಟರೆ ವಸಾಹತಿನ ಕಾನೂನು ಯಾವ ಕಡೆ ಹೊರಳುತ್ತಿತ್ತೆಂಬುದು ಕಾಣುತ್ತದೆ.

ಎಂಟನೆಯ ಹಂತ: ಭೇಟಿ, ನಕಲು ಮತ್ತು ಟಿಪ್ಪಣಿ

ಮನೆಯಲ್ಲೇ ಮಾಡಬಹುದಾದ ಕೆಲಸವನ್ನೆಲ್ಲ ಮೊದಲು ಮುಗಿಸಿ. ಮೈಕ್ರೋಫಿಲ್ಮಿನಿಂದ ತೆಗೆದ ಚಿತ್ರಗಳು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಭೂಮಂಜೂರಾತಿ ಪುಸ್ತಕಗಳೂ ಚಾನ್ಸರಿ ದಾವೆಗಳ ಸೂಚಿಯೂ ರಾಜ್ಯ ಗ್ರಂಥಾಲಯದ ತಾಣದಲ್ಲಿವೆ. ಕ್ಲರ್ಕ್ ಕಚೇರಿಗೆ ಹೋಗುವುದು ಫಿಲ್ಮಿನಲ್ಲಿ ಓದಲಾಗದ ಪುಟಗಳಿಗಾಗಿ, ಫಿಲ್ಮ್ ಆಗದ ಬಿಡಿ ಕಾಗದಗಳಿಗಾಗಿ. ಮುಂಚಿತವಾಗಿ ಫೋನು ಮಾಡಿ ಹಳೆಯ ಸಂಪುಟಗಳನ್ನು ನೋಡಲು ಅವಕಾಶವಿದೆಯೇ, ಫೋಟೊ ತೆಗೆಯಬಹುದೇ ಎಂದು ಕೇಳಿ. ದಾಖಲೆ ಕೊಠಡಿಯಲ್ಲಿ ವಕೀಲರ ಕಡೆಯವರು ಜಮೀನಿನ ಹಕ್ಕು ಪರಿಶೀಲನೆಗಾಗಿ ದಿನವೂ ಬರುತ್ತಾರೆ. ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಜಾಗ ಹಿಡಿಯಿರಿ, ಸಂಕೋಚವಿಲ್ಲದೆ ಸಂಶಯ ಕೇಳಿ. ಸೂಚಿಯ ವಕ್ರತೆಗಳನ್ನು ಅವರಷ್ಟು ಬಲ್ಲವರು ವಿರಳ. ಪೆನ್ಸಿಲ್ ಒಯ್ಯಿರಿ, ಪೆನ್ನು ಬೇಡ.

ಪ್ರತಿ ಚಿತ್ರ ತೆಗೆಯುವ ಮೊದಲು ಸಂಪುಟದ ಬೆನ್ನಿನ ಮೇಲಿನ ಶೀರ್ಷಿಕೆಯನ್ನು ಒಮ್ಮೆ ತೆಗೆಯಿರಿ, ಆಮೇಲೆ ಪುಟಸಂಖ್ಯೆ ಕಾಣುವಂತೆ ಪುಟವನ್ನು. ಆರಂಭದ ಸಂಪುಟಗಳಲ್ಲಿ ಆದೇಶ, ಕ್ರಯಪತ್ರ, ಉಯಿಲು ಎಲ್ಲವೂ ಬೆರೆತಿರುವುದರಿಂದ ‘ಸಂಪುಟ 3’ ಎಂದಷ್ಟೇ ಬರೆದರೆ ಸಾಲದು. ಬೆನ್ನಿನ ಶೀರ್ಷಿಕೆ, ಅವಧಿ, ಹಾಳೆಯ ಮುಂಬದಿಯೋ ಹಿಂಬದಿಯೋ ಎಂಬುದು ಸೇರಬೇಕು. ಜತೆಗೆ, ಹುಡುಕಿ ಸಿಗದಿದ್ದದ್ದನ್ನೂ ಬರೆದಿಡಿ: ಯಾವ ಹೆಸರಿಗಾಗಿ, ಯಾವ ಕಾಗುಣಿತಗಳಲ್ಲಿ, ಯಾವ ಸಂಪುಟದ ಎಷ್ಟನೆಯ ಪುಟದಿಂದ ಎಷ್ಟನೆಯ ಪುಟದವರೆಗೆ ನೋಡಿದಿರಿ, ಸೂಚಿಯನ್ನಷ್ಟೇ ನೋಡಿದಿರೋ ಪುಟಗಳನ್ನೇ ಓದಿದಿರೋ ಎಂಬುದನ್ನು ದಿನಾಂಕದೊಂದಿಗೆ ನಮೂದಿಸಿ. ಸೂಚಿಯಲ್ಲಿ ಇಲ್ಲದ ಹೆಸರು ಪುಟದಲ್ಲಿ ಸಾಕ್ಷಿಯಾಗಿಯೋ ನೆರೆಯ ಹೊಲದವನಾಗಿಯೋ ಇರುವುದು ತೀರ ಸಾಮಾನ್ಯ.